ಹಿಂದಿನ ಸಾಲಿನಿಂದ ಕೇಳಿಸಿದ್ದು

ವೇದಿಕೆ ಹತ್ತಿ ಇಳಿದವರನ್ನು ಕೇಳಿದರೆ ಹೆಚ್ಚಿನವರು ಬೆಳಕಿನ ಬಗ್ಗೆ ಹೇಳುತ್ತಾರೆ. ಕಣ್ಣು ಕೋರೈಸುವ ದೀಪಗಳು, ಅದರಾಚೆ ಏನೂ ಕಾಣದ ಕತ್ತಲು, ಪರದೆ ಸರಿಯುವ ಗಳಿಗೆ. ನಮ್ಮ ನೃತ್ಯಶಾಲೆಯ ಕಾರ್ಯಕ್ರಮ ಮುಗಿದು ಕೆಲವು ವಾರಗಳಾಗಿವೆ. ನನ್ನಲ್ಲಿ ಉಳಿದಿರುವುದೆಲ್ಲ ಸದ್ದು. ಪಕ್ಕದವಳ ಗೆಜ್ಜೆ, ನಟುವಾಂಗದ ತಾಳ (ನೃತ್ಯ ನಡೆಸುವವರು ಕೈಯಲ್ಲಿ ಬಡಿಯುವ ಲೋಹದ ಪುಟ್ಟ ಬಿಲ್ಲೆಗಳು), ನನ್ನದೇ ಜುಮುಕಿಯ ಕಿಣಿಕಿಣಿ, ಮರದ ಹಲಗೆಯ ಮೇಲೆ ಎಲ್ಲರ ಪಾದ ಒಟ್ಟಿಗೆ ಬಿದ್ದಾಗ ಅಂಗಾಲಿನಿಂದ ಮೊಣಕಾಲವರೆಗೆ ಏರಿಬರುವ ಅದುರು. ಚಿತ್ರವಾಗಿ ನೆನಪಿರುವುದು ತೀರಾ ಕಡಿಮೆ. ಹೀಗೇಕೆ ಅಂತ ಯೋಚಿಸುತ್ತಾ ಹೋದಂತೆ, ಭರತನಾಟ್ಯ ಕಲಿಯುವುದು ಅಂದರೆ ಇಷ್ಟೇ ಅಂತ ನಾನು ಅಂದುಕೊಂಡಿದ್ದ ಕೆಲವು ಸಂಗತಿಗಳು ಅಲುಗಾಡಿದವು.

ನನ್ನ ಪರಿಚಯ ಚುಟುಕಾಗಿ: ಮೂವತ್ತು ದಾಟಿದ ಮೇಲೆ ಗೆಜ್ಜೆ ಕಟ್ಟಿದವಳು. ತರಗತಿಯಲ್ಲಿ ಮುಕ್ಕಾಲು ಪಾಲು ಶಾಲೆಗೆ ಹೋಗುವ ಮಕ್ಕಳು. ಮೊದಮೊದಲು ನನ್ನನ್ನು ‘ಆಂಟಿ’ ಅನ್ನುತ್ತಿದ್ದರು, ಟೀಚರ್ ಒಮ್ಮೆ ಕಣ್ಣು ಬಿಟ್ಟ ಮೇಲೆ ‘ಅಕ್ಕ’ ಆದೆ. ಎತ್ತರ ಇರುವುದರಿಂದ ಯಾವ ಗುಂಪುನೃತ್ಯದಲ್ಲೂ ನನ್ನ ಜಾಗ ಹಿಂದಿನ ಸಾಲಿನ ತುದಿ. ಅದರ ಬಗ್ಗೆ ಬೇಜಾರೇನಿಲ್ಲ. ಮುಂದಿನ ಸಾಲಿನ ನಟ್ಟನಡುವೆ ನಿಂತವರಿಗೆ ಅವತ್ತಿನ ಸಂಜೆ ಬೇರೆಯೇ ಥರ ಕಂಡಿರಬಹುದು, ನಾನು ಹೇಳುವುದು ತುದಿಯಲ್ಲಿ ನಿಂತವಳ ಕಥೆ.

ತರಗತಿಯಲ್ಲಿ ಎಲ್ಲವೂ ಶುರುವಾಗುವುದು ಕಣ್ಣಿಂದ. ಟೀಚರ್ ಮಾಡಿ ತೋರಿಸುತ್ತಾರೆ, ನಾವು ನೋಡಿ ಮಾಡುತ್ತೇವೆ. ಎದುರಿಗೆ ಗೋಡೆಯಗಲದ ಕನ್ನಡಿ. ಅರೆಮಂಡಿ (ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂತ ನಿಲುವು) ಸರಿಯಾಗಿ ಕೂತಿದೆಯಾ, ಮೊಣಕೈ ಜೋತುಬಿದ್ದಿದೆಯಾ, ಬೆನ್ನು ನೆಟ್ಟಗಿದೆಯಾ, ಎಲ್ಲಕ್ಕೂ ಅದೇ ಸಾಕ್ಷಿ. ತಟ್ಟಡವು, ನಾಟಡವುಗಳಂಥ ಮೊದಲ ಹೆಜ್ಜೆಗಳ ಹಂತದಲ್ಲಿ ಕನ್ನಡಿ ಇಲ್ಲದಿದ್ದರೆ ನನ್ನಂಥವರ ಗತಿ ಕಷ್ಟವೇ ಇತ್ತು. ಆದರೆ ಗುಂಪಿನಲ್ಲಿ ಅದರಿಂದ ಒಂದು ಚಟ ಅಂಟಿಕೊಳ್ಳುತ್ತದೆ. ಯಾರೂ ಅದರಲ್ಲಿ ತಮ್ಮನ್ನು ನೋಡಿಕೊಳ್ಳುವುದಿಲ್ಲ. ಚೆನ್ನಾಗಿ ಮಾಡುವ ಒಬ್ಬಳನ್ನು ಎಲ್ಲರೂ ನೋಡುತ್ತಿರುತ್ತಾರೆ. ಹಿಂದಿನ ಸಾಲಿಗೆ ಅದೂ ಸಿಗುವುದಿಲ್ಲ, ಮುಂದಿರುವವಳ ಜಡೆ ಮತ್ತು ಬೆನ್ನೇ ಗುರು.

ಕಾರ್ಯಕ್ರಮ ಹತ್ತಿರ ಬರುತ್ತಿದ್ದ ಹಾಗೆ ಟೀಚರ್ ಒಂದು ದಿನ ಕನ್ನಡಿಗೆ ಹಳೆಯ ಸೀರೆಗಳನ್ನು ಇಳಿಬಿಟ್ಟರು. ಆಮೇಲಿನ ಅರ್ಧ ಗಂಟೆ ನೋಡುವ ಹಾಗಿತ್ತು. ಅಷ್ಟು ದಿನ ಒಂದೇ ದಾರದಲ್ಲಿ ಪೋಣಿಸಿದಂತೆ ನಡೆಯುತ್ತಿದ್ದ, ಜತಿಸ್ವರ ಎನ್ನುವ ನೃತ್ಯದ ಕೋರ್ವೆ (ಹೆಜ್ಜೆಗಳ ಸರಣಿ) ದಿಕ್ಕಿಗೊಂದಾಯಿತು. ಸೀರೆಯ ಅಂಚು ಸರಿದ ಜಾಗದಲ್ಲಿ ಕಾಣುತ್ತಿದ್ದ ಒಂದು ಗೇಣು ಗಾಜಿನ ಕಡೆ ಮಕ್ಕಳು ಕತ್ತು ಚಾಚುತ್ತಿದ್ದರು. “ಕನ್ನಡಿಗೆ ಕುಣೀತಿದ್ದೀರೋ ತಾಳಕ್ಕೋ?” ಅಂದರು ಟೀಚರ್. ಆಮೇಲೆ ಎಲ್ಲರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತಾವು ಹಿಂದೆ ಕೂತು ಮಣೆಯ ಮೇಲೆ ಕೋಲು ಬಡಿಯತೊಡಗಿದರು. ನೋಡಲು ಏನೂ ಇಲ್ಲ. ಬರೀ ಸುಣ್ಣದ ಗೋಡೆ, ಬೆನ್ನ ಹಿಂದಿನಿಂದ ಕೋಲಿನ ಸದ್ದು.

ಕಣ್ಣನ್ನು ನಂಬಿ ತಾಳ ಹಿಡಿಯುವುದು ಯಾಕೆ ಕೆಲಸ ಮಾಡುವುದಿಲ್ಲ ಎನ್ನುವುದಕ್ಕೆ ಮೈಯ ರಚನೆಯಲ್ಲೇ ಕಾರಣ ಇದೆ. ಕಂಡದ್ದಕ್ಕೆ ಮೈ ಪ್ರತಿಕ್ರಿಯೆ ತೋರಲು ಸುಮಾರು 0.2 ಸೆಕೆಂಡು ಬೇಕು, ಕೇಳಿದ್ದಕ್ಕೆ ಸುಮಾರು 0.15. ಅಂತರ ಸಣ್ಣದು. ಆದರೆ ಲಯದ ವಿಷಯಕ್ಕೆ ಬಂದರೆ ಕಿವಿಗೆ ಇನ್ನೊಂದು ಅನುಕೂಲ ಇದೆ. ನಾಲ್ಕಾರು ಪೆಟ್ಟು ಕೇಳಿದ ಮೇಲೆ ಮುಂದಿನದು ಯಾವಾಗ ಬೀಳುತ್ತದೆ ಅಂತ ಮೈ ತಾನೇ ಅಂದಾಜು ಹಾಕಿ ಮೊದಲೇ ಸಿದ್ಧವಾಗಿರುತ್ತದೆ. ಮಿನುಗುವ ದೀಪಕ್ಕೆ ತಾಳ ಹಾಕಲು ಹೇಳಿದರೆ ಜನ ತಡವರಿಸುತ್ತಾರೆ, ಟಿಕ್ ಟಿಕ್ ಸದ್ದಿಗೆ ಸರಾಗವಾಗಿ ಹಾಕುತ್ತಾರೆ. ಮುಂದಿನವಳ ಬೆನ್ನು ನೋಡಿ ಕಾಲು ತಟ್ಟುವವರು ಯಾವತ್ತೂ ಅವಳ ನೆರಳಾಗಿಯೇ ಇರುತ್ತಾರೆ, ಅವಳ ಜೊತೆಗಾತಿ ಆಗುವುದಿಲ್ಲ. ಒಂದನೇ ಕಾಲದಲ್ಲಿ, ಅಂದರೆ ನಿಧಾನದ ನಡೆಯಲ್ಲಿ, ಇದು ಯಾರಿಗೂ ಗೊತ್ತಾಗದು. ಅದರ ನಾಲ್ಕು ಪಟ್ಟು ವೇಗದ ಮೂರನೇ ಕಾಲಕ್ಕೆ ಬಂದಾಗ ಬಣ್ಣ ಬಯಲು.

ಭರತನಾಟ್ಯ ಕಲಿಯುವ ಮಕ್ಕಳೆಲ್ಲ ಬಾಯಿಪಾಠ ಮಾಡುವ ಎರಡು ಶ್ಲೋಕಗಳಿವೆ, ಎರಡೂ ನಂದಿಕೇಶ್ವರನ ಅಭಿನಯದರ್ಪಣ ಎಂಬ ಹಳೆಯ ಸಂಸ್ಕೃತ ನೃತ್ಯಗ್ರಂಥದವು. ಒಂದು, ಕೈ ಹೋದಲ್ಲಿ ದೃಷ್ಟಿ, ದೃಷ್ಟಿ ಹೋದಲ್ಲಿ ಮನಸ್ಸು, ಮನಸ್ಸು ಹೋದಲ್ಲಿ ಭಾವ, ಭಾವ ಇದ್ದಲ್ಲಿ ರಸ ಎನ್ನುವುದು. ಅದಕ್ಕೂ ಹಿಂದಿನದು, ಕಂಠದಲ್ಲಿ ಹಾಡು ಹಿಡಿದಿರಬೇಕು, ಕೈಯಲ್ಲಿ ಅರ್ಥ ತೋರಿಸಬೇಕು, ಕಣ್ಣುಗಳಲ್ಲಿ ಭಾವ, ಪಾದಗಳಲ್ಲಿ ತಾಳ ಎನ್ನುವುದು. ಪರೀಕ್ಷೆಗೆ ಕೂತ ಮಕ್ಕಳು ಇವನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಗೋಡೆಗೆ ಮುಖ ಮಾಡಿ ನಿಂತ ಆ ದಿನಗಳಲ್ಲಿ ನನಗೆ ಹೊಳೆದದ್ದು: ಇಷ್ಟೆಲ್ಲ ಅಂಗಗಳ ಪಟ್ಟಿಯಲ್ಲಿ ಕಿವಿ ಇಲ್ಲ! ಅದೇ ಗ್ರಂಥ ನರ್ತಕಿಯ ಹತ್ತು ‘ಪ್ರಾಣ’ಗಳನ್ನು ಹೇಳುತ್ತದೆ: ಚುರುಕುತನ, ಸ್ಥಿರತೆ, ರೇಖೆ, ಭ್ರಮರಿ (ಸುತ್ತು), ದೃಷ್ಟಿ, ದಣಿವಿಲ್ಲದಿರುವಿಕೆ, ಮೇಧೆ, ಶ್ರದ್ಧೆ, ಮಾತು, ಹಾಡು. ಅಲ್ಲೂ ಕಿವಿ ಇಲ್ಲ.

ಇದನ್ನು ಟೀಚರ್ ಹತ್ತಿರ ಹೇಳಿದೆ. ಅವರು ನಕ್ಕು, “ಅವಳೇ ಹಾಡ್ತಾ ಇದ್ದಾಳಲ್ಲ, ಕಿವಿ ಯಾಕೆ ಬೇಕು?” ಅಂದರು. ತಮಾಷೆಗೆ ಅಂದದ್ದೇ, ಆದರೂ ಅದರಲ್ಲಿ ಹುರುಳಿದೆ. ಹಾಡು ತನ್ನದೇ ಗಂಟಲಲ್ಲಿ ಇರುವವಳಿಗೆ ಅದು ಹೊರಗಿನಿಂದ ಬರಬೇಕಾಗಿಲ್ಲ. ಭರತನಾಟ್ಯದ ಹೆಸರಾಂತ ಕಲಾವಿದೆ ಬಾಲಸರಸ್ವತಿಯವರು (1918–1984) ತಾವೇ ಹಾಡುತ್ತಾ ಅಭಿನಯಿಸುತ್ತಿದ್ದರು, ಆ ಪರಂಪರೆಯ ಕಲಾವಿದೆಯರಿಗೆ ಸಂಗೀತ ಬೇರೆ, ನೃತ್ಯ ಬೇರೆ ಆಗಿರಲಿಲ್ಲ. ನಮ್ಮ ಕಾಲದ ಬಹುಪಾಲು ವಿದ್ಯಾರ್ಥಿಗಳು ಹಾಡನ್ನು ಬೇರೆಯವರ ಬಾಯಿಗೆ ಒಪ್ಪಿಸಿಬಿಟ್ಟಿದ್ದೇವೆ. ಒಪ್ಪಿಸಿದ ಮೇಲೆ ಅದನ್ನು ವಾಪಸ್ ಮೈಯೊಳಗೆ ತಂದುಕೊಳ್ಳಲು ಕಿವಿ ಬಿಟ್ಟರೆ ಬೇರೆ ದಾರಿ ಉಳಿದಿಲ್ಲ.

ಹಾಡುವವರು ಎಲ್ಲಿ ಇರುತ್ತಾರೆ ಎನ್ನುವುದೂ ಬದಲಾಗಿದೆ. ಈ ನೃತ್ಯವನ್ನು ಸದಿರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ನಟುವನಾರ್ (ನಟುವಾಂಗ ಮಾಡುವವರು), ಮೃದಂಗದವರು, ಮುಖವೀಣೆಯವರು ಎಲ್ಲ ನರ್ತಕಿಯ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. ಮೃದಂಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಅವಳು ಮುಂದೆ ಬಂದರೆ ತಾವೂ ಮುಂದೆ, ಹಿಂದೆ ಸರಿದರೆ ತಾವೂ ಹಿಂದೆ. ಅವರನ್ನು ವೇದಿಕೆಯ ಬದಿಯಲ್ಲಿ ಕೂರಿಸುವ ಏರ್ಪಾಡು ಗಟ್ಟಿಯಾದದ್ದು 1930ರ ದಶಕದ ನಂತರ. ಅದರ ಶ್ರೇಯಸ್ಸನ್ನು ಸಾಮಾನ್ಯವಾಗಿ 1936ರಲ್ಲಿ ಕಲಾಕ್ಷೇತ್ರ ಎಂಬ ಕಲಾಶಾಲೆ ಸ್ಥಾಪಿಸಿದ ರುಕ್ಮಿಣಿ ದೇವಿಯವರಿಗೆ ಕೊಡುತ್ತಾರೆ. ನೋಡುವವರಿಗೆ ಇದರಿಂದ ದೊಡ್ಡ ಉಪಕಾರವಾಯಿತು, ವೇದಿಕೆ ಖುಲ್ಲಾ ಆಯಿತು, ನರ್ತಕಿಯ ರೇಖೆ ಸ್ವಚ್ಛವಾಗಿ ಕಾಣತೊಡಗಿತು. ಕೇಳುವ ನರ್ತಕಿಗೆ ಮಾತ್ರ ಬೆನ್ನಿಗೆ ಆತುಕೊಂಡಿದ್ದ ಸದ್ದು ದೂರ ಹೋಯಿತು. ಬಡಗುತಿಟ್ಟಿನ ಯಕ್ಷಗಾನ ನೋಡಿದಾಗಲೆಲ್ಲ ನನಗೆ ಈಗ ಇದೇ ಯೋಚನೆ. ಭಾಗವತರು ಹಿಂದೆ ಕೂತಿರುತ್ತಾರೆ, ಚೆಂಡೆಯ ಪೆಟ್ಟು ವೇಷಧಾರಿಯ ಬೆನ್ನಿಗೇ ಬಂದು ತಾಗುತ್ತದೆ. ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತದೆ.

ನಮ್ಮ ಅಭ್ಯಾಸ ನಡೆದದ್ದು ಮೊಬೈಲ್ ರೆಕಾರ್ಡಿಂಗಿನ ಮೇಲೆ. ಹಿಮ್ಮೇಳದವರ ಜೊತೆ ಟೀಚರ್ ಒಮ್ಮೆ ಕೂತು ಹಾಡಿಸಿ, ಅದನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಅದನ್ನೇ ಹಾಕಿಕೊಂಡು ಹಾಕಿಕೊಂಡು, ಮಕ್ಕಳಿಗೆ ಹಾಡುಗಾರ್ತಿ ಎಲ್ಲಿ ಗಂಟಲು ಸರಿಮಾಡಿಕೊಂಡರು ಅನ್ನುವುದೂ ಬಾಯಿಪಾಠ. ಕಾರ್ಯಕ್ರಮ ಮಾತ್ರ ನಿಜವಾದ ಹಿಮ್ಮೇಳದೊಂದಿಗೆ. ಹಲವು ಕಡೆ ಗುಂಪುನೃತ್ಯಗಳಿಗೆ ರೆಕಾರ್ಡನ್ನೇ ಹಾಕುತ್ತಾರೆ. ಹಾಡುವವರು, ಮೃದಂಗ, ಕೊಳಲು, ವಯಲಿನ್ ಎಲ್ಲರನ್ನೂ ಕರೆಸುವ ಖರ್ಚು ಸಣ್ಣದಲ್ಲ, ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ರೆಕಾರ್ಡಿಗೆ ಒಂದು ಗುಣ ಇದೆ: ಎಷ್ಟು ಸಲ ಹಾಕಿದರೂ ಅದೇ. ಅದರ ಕೊರತೆಯೂ ಅದೇ. ಅದು ಯಾರಿಗೂ ಕಾಯುವುದಿಲ್ಲ, ಯಾರನ್ನೂ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಕುಣಿಯುವವರೂ ಸ್ವಲ್ಪ ಕಾಲದಲ್ಲೇ ಕೇಳುವುದನ್ನು ಬಿಟ್ಟು, ನೆನಪಿನಿಂದ ಕುಣಿಯತೊಡಗುತ್ತಾರೆ. ಹಿಮ್ಮೇಳದವರು ಬಂದು ಕೂತ ದಿನ ಕಾಲಪ್ರಮಾಣ ಕೂದಲೆಳೆಯಷ್ಟು ನಿಧಾನವಿತ್ತು. ಅಷ್ಟಕ್ಕೇ ಅರ್ಧ ಗುಂಪು ತಾಳಕ್ಕಿಂತ ಮುಂದೆ ಓಡಿತು. ನಟುವಾಂಗ ಮಾಡುತ್ತಿದ್ದ ಟೀಚರ್ ತಾಳ ನಿಲ್ಲಿಸಿ, “ನಾನು ಇಲ್ಲಿದ್ದೀನಿ” ಅಂದರು, ಅಷ್ಟೇ.

ಕಾರ್ಯಕ್ರಮದ ದಿನ ಮಧ್ಯಾಹ್ನ ಸಭಾಂಗಣದಲ್ಲಿ ರಿಹರ್ಸಲ್. ವೇದಿಕೆಯ ನೆಲಕ್ಕೆ ಟೇಪು ಅಂಟಿಸಿ ನಡುವನ್ನು ಗುರುತು ಮಾಡಿದ್ದರು. ಧ್ವನಿವರ್ಧಕದವರು ಇನ್ನೂ ವಯರು ಎಳೆಯುತ್ತಿದ್ದರು. ಸಭಿಕರ ಕಡೆಗೆ ತಿರುಗಿದ ದೊಡ್ಡ ಸ್ಪೀಕರ್‌ಗಳು ಮಾತ್ರ ಚಾಲೂ ಆಗಿದ್ದವು, ವೇದಿಕೆಯ ಮೇಲಿರುವವರಿಗಾಗಿ ಇಡುವ ಮಾನಿಟರ್ ಬಾಕ್ಸ್ ಇನ್ನೂ ಬಂದಿರಲಿಲ್ಲ. ಟೀಚರ್ ಮೈಕಿನಲ್ಲಿ ಜತಿ (ಹೆಜ್ಜೆಗೆ ಹೇಳುವ ತಾಳದ ಸೊಲ್ಲುಗಳು) ಹೇಳಿದರು, ನಾವು ಕಾಲು ತಟ್ಟಿದೆವು, ಹಾಲ್‌ನ ಹಿಂದಿನ ಗೋಡೆಗೆ ಬಡಿದು ಅದೇ ಜತಿ ಇನ್ನೊಮ್ಮೆ ಬಂತು. ಒಂದೇ ಹೊತ್ತಿಗೆ ಎರಡು ತಾಳ!

ಲೆಕ್ಕ ಹಾಕಿದರೆ ಇದು ಸಣ್ಣ ವಿಷಯ ಅಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಿಂದಿನ ಗೋಡೆ 25 ಮೀಟರ್ ದೂರ ಇದ್ದರೆ ಹೋಗಿಬರಲು 50 ಮೀಟರ್, ಅಂದರೆ ಸುಮಾರು 0.15 ಸೆಕೆಂಡು. ಸೆಕೆಂಡಿಗೊಂದು ಅಕ್ಷರದಂತೆ (ಅಕ್ಷರ ಅಂದರೆ ತಾಳದ ಒಂದು ಎಣಿಕೆ) ಆದಿತಾಳ ನಡೆಯುತ್ತಿದೆ ಅಂದುಕೊಳ್ಳಿ. ಮೂರನೇ ಕಾಲದಲ್ಲಿ ಒಂದು ಅಕ್ಷರಕ್ಕೆ ನಾಲ್ಕು ತಟ್ಟು, ತಟ್ಟಿನಿಂದ ತಟ್ಟಿಗೆ 0.25 ಸೆಕೆಂಡು. ಗೋಡೆಯಿಂದ ವಾಪಸ್ ಬರುವ ಸದ್ದು ಎರಡು ತಟ್ಟುಗಳ ನಡುವೆ, ಎಲ್ಲಿ ಬರಬಾರದೋ ಅಲ್ಲೇ ಬಂದು ಕೂರುತ್ತದೆ. ಅದನ್ನು ನಂಬಿದವರು ಕೆಟ್ಟರು. ಮುಂದಿನ ಸಾಲಿಗೆ ಟೀಚರ್ ದನಿ ನೇರವಾಗಿಯೂ ಕೇಳುತ್ತಿತ್ತು, ಹಿಂದಿನ ಸಾಲಿನ ದೂರದ ತುದಿಗೆ ಈ ಮಾರ್ದನಿಯದೇ ಜೋರು.

ಅಲ್ಲಿ ನಮ್ಮನ್ನು ಕಾಪಾಡಿದ್ದು ನಟುವಾಂಗದ ತಾಳ. ಎರಡು ಬಿಲ್ಲೆಗಳಲ್ಲಿ ಒಂದು ಕಂಚಿನದು, ಇನ್ನೊಂದು ಉಕ್ಕಿನದು. ಒಂದರ ಮೇಲೊಂದು ಬಿದ್ದಾಗ ಬರುವ ಸದ್ದು ಮೊಳೆಯಷ್ಟು ಚೂಪು. ಹಾಡು, ಮೃದಂಗ ಎಲ್ಲ ಹಾಲ್‌ನಲ್ಲಿ ಹರಡಿ ಕಲಸಿಹೋದರೂ ತಾಳದ ಆ ಮೊದಲ ‘ಟಿಣ್’ ಎಲ್ಲಿಂದ ಬಂತು, ಯಾವಾಗ ಬಂತು ಅನ್ನುವುದರಲ್ಲಿ ಅನುಮಾನ ಬರುವುದಿಲ್ಲ. ನಟುವಾಂಗಕ್ಕೆ ಇಂಥ ಜೋಡಿಯೇ ಯಾಕೆ ಅಂತ ಹಿಂದೆ ನಾನು ಕೇಳಿರಲೂ ಇಲ್ಲ, ಯಾರೂ ಹೇಳಿರಲೂ ಇಲ್ಲ. ಅವತ್ತು ವೇದಿಕೆಯ ತುದಿಯಲ್ಲಿ ನಿಂತಾಗ ಯಾರೂ ಹೇಳಬೇಕಾದ ಅಗತ್ಯ ಕಾಣಲಿಲ್ಲ.

ಗ್ರೀನ್ ರೂಮಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ಪಿನ್ನು, ಪ್ಯಾನ್‌ಕೇಕು, ಅಳುವ ಮಕ್ಕಳು, ಓಡಾಡುವ ಅಮ್ಮಂದಿರು. ಅದನ್ನೆಲ್ಲ ಬಿಡುತ್ತೇನೆ. ಒಂದು ಮಾತು ಮಾತ್ರ: ಅಲಂಕಾರ ಮುಗಿಯುವ ಹೊತ್ತಿಗೆ ಕಿವಿ ಅರ್ಧ ಮುಚ್ಚಿರುತ್ತದೆ. ಕೂದಲನ್ನು ಬಿಗಿದು ಕಟ್ಟಿ, ಹೂ ಮುಡಿಸಿ, ದೊಡ್ಡ ಓಲೆ, ಅದರ ಕೆಳಗೆ ಜುಮುಕಿ, ಜುಮುಕಿಯ ಭಾರ ಹೊರಲು ಕೂದಲಿಗೆ ಸಿಕ್ಕಿಸಿದ ಮಾಟಿ. ಕತ್ತನ್ನು ಆಚೀಚೆ ಸರಿಸುವ ಅಟ್ಟಮಿ ಮಾಡಿದರೆ ಸಾಕು, ಕಿವಿಯ ಬುಡದಲ್ಲೇ ಕಿಣಿಕಿಣಿ. ಅಭ್ಯಾಸದಲ್ಲಿ ಎಂದೂ ಇಲ್ಲದ ಸದ್ದು ಇದು, ಅದೂ ತಾಳಕ್ಕಿಂತ ಹತ್ತಿರ. ಇನ್ನೊಮ್ಮೆ ಅವಕಾಶ ಸಿಕ್ಕರೆ ಕೊನೆಯ ವಾರದ ಅಭ್ಯಾಸಕ್ಕೆ ಜುಮುಕಿ ಹಾಕಿಕೊಂಡೇ ಹೋಗುತ್ತೇನೆ ಅಂತ ಪಕ್ಕದವಳಿಗೆ ಹೇಳಿದೆ. ಅವಳಿಗೆ ಕೇಳಿಸಲಿಲ್ಲ.

ಸೈಡ್‌ವಿಂಗಿನ ಕತ್ತಲಲ್ಲಿ ನಿಂತಿದ್ದಾಗ ಮುಂದಿದ್ದವಳ ಜಡೆಬಿಲ್ಲೆ ಕಾಣುತ್ತಿತ್ತು. ದೀಪದೊಳಗೆ ಕಾಲಿಟ್ಟ ಕೂಡಲೇ ಅದೂ ಇಲ್ಲ, ಕಣ್ಣ ತುಂಬ ಬಿಳಿ. ಮೊದಲು ಕಿವಿಗೆ ಬಿದ್ದದ್ದು ನಮ್ಮದೇ ಗೆಜ್ಜೆ. ಅಭಿನಯದರ್ಪಣದಲ್ಲಿ ಗೆಜ್ಜೆಯ ಲಕ್ಷಣವೂ ಇದೆ, ಕಂಚಿನದ್ದಾಗಿರಬೇಕು, ಇಂಪಾದ ದನಿ ಇರಬೇಕು, ನೀಲಿ ದಾರದಲ್ಲಿ ಗಂಟು ಹಾಕಿ ಕಟ್ಟಿರಬೇಕು, ಒಂದೊಂದು ಕಾಲಿಗೆ ನೂರು ಇಲ್ಲವೇ ಇನ್ನೂರು. ನಮ್ಮದು ಚರ್ಮದ ಪಟ್ಟಿಗೆ ಹೊಲಿದ ಕೆಲವೇ ಸಾಲು. ತರಗತಿಯ ಕಲ್ಲಿನ ನೆಲದ ಮೇಲೆ ಅದರ ಸದ್ದು ಚೆಲ್ಲಾಪಿಲ್ಲಿ, ಟೊಳ್ಳು ಮರದ ವೇದಿಕೆಯ ಮೇಲೆ ಅದಕ್ಕೊಂದು ಗಾಂಭೀರ್ಯ. ಜತಿಸ್ವರದಲ್ಲಿ ಸಾಹಿತ್ಯ ಇಲ್ಲ, ಬರೀ ಸ್ವರ, ಅದಕ್ಕೆ ಅಡವುಗಳ ಕೋರ್ವೆ. ಹಿಡಿದುಕೊಳ್ಳಲು ಒಂದು ಮಾತೂ ಸಿಗುವುದಿಲ್ಲ. ನನ್ನ ಬಲಗಡೆ ಹನ್ನೆರಡರ ಒಬ್ಬ ಹುಡುಗಿ. ಅವಳ ತಟ್ಟು ನನಗೆ ಎಷ್ಟು ಪರಿಚಯ ಅಂದರೆ, ಎಡಗಾಲು ಬಲಗಾಲಿಗಿಂತ ಒಂದು ಎಳ್ಳಷ್ಟು ಗಟ್ಟಿ. ಮುಂದಿನ ಸಾಲಿನ ಜೊತೆ ಜಾಗ ಅದಲುಬದಲು ಮಾಡುವಾಗ ಅವಳು ನನ್ನ ಹಿಂದೆ ಹೋಗುತ್ತಾಳೆ, ಕಾಣುವುದಿಲ್ಲ. ಆ ಎಡಗಾಲಿನ ಗಟ್ಟಿ ತಟ್ಟು ಬಲ ಬೆನ್ನಿನಿಂದ ಎಡ ಬೆನ್ನಿಗೆ ಸರಿದಾಗ, ನಾನು ತಿರುಗಬೇಕು. ಕನ್ನಡಿ ಇದ್ದಿದ್ದರೆ ನಾನು ಇದನ್ನು ಯಾವತ್ತೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಕೊನೆಯ ತೀರ್ಮಾನ (ಮುಕ್ತಾಯದ ಹೆಜ್ಜೆಗಳ ಕಟ್ಟು) ಮೂರು ಸಲ ಬಂದು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬೀಳುತ್ತದೆ. ಮೂರನೆಯದು ಮುಗಿದಾಗ ಎಲ್ಲರ ಪಾದಕ್ಕೂ ಒಂದೇ ಸದ್ದಿತ್ತು. ಹೊಗಳಿಕೊಳ್ಳಲು ಹೇಳುತ್ತಿಲ್ಲ, ಅಭ್ಯಾಸದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ ಎನ್ನುವುದಕ್ಕೆ ಹೇಳಿದೆ. ಸದ್ದು ಮೊದಲು ಬಂದದ್ದು ಕಿವಿಗೋ ಕಾಲಿಗೋ ಗೊತ್ತಾಗಲಿಲ್ಲ.

ಆಮೇಲಿನದು ಒಂದು ದೇವರನಾಮ. ಅಭಿನಯಕ್ಕೆ ಕಣ್ಣೇ ಮುಖ್ಯ ಅನ್ನುವವರಿದ್ದಾರೆ, ನೋಡುವವರ ಮಟ್ಟಿಗೆ ಅದು ಸರಿ. ಸಂಚಾರಿಯಲ್ಲಿ, ಅಂದರೆ ಹಾಡಿನ ಅರ್ಥವನ್ನು ಅಭಿನಯದಲ್ಲಿ ಬಿಡಿಸಿ ತೋರಿಸುವಾಗ, ಒಂದೇ ಸಾಲನ್ನು ಹಾಡುಗಾರ್ತಿ ಮತ್ತೆಮತ್ತೆ ತೆಗೆದುಕೊಳ್ಳುತ್ತಾರೆ, ಪ್ರತಿ ಸಲಕ್ಕೂ ಬೇರೆ ಸಂಗತಿ (ಸ್ವರದ ಏರಿಳಿತ). ರೆಕಾರ್ಡಿನಲ್ಲಿ ಎಷ್ಟು ಸಲ ಅಂತ ಎಣಿಸಿ ಕಲಿತಿದ್ದೆವು. ಅವತ್ತು ಅವರಿಗೆ ಸಾಲು ಹಿಡಿಸಿತು ಅಂತ ಕಾಣುತ್ತದೆ, ನಾವು ಎಣಿಸಿಟ್ಟುಕೊಂಡಿದ್ದಕ್ಕಿಂತ ಒಂದಾವರ್ತಿ ಹೆಚ್ಚಿಗೆ ಹಾಡಿದರು. ಎಣಿಸುತ್ತಿದ್ದವರು ಮುಂದಿನ ಭಂಗಿಗೆ ಕೈ ಎತ್ತಬೇಕಿತ್ತು. ಯಾರೂ ಎತ್ತಲಿಲ್ಲ! ಕಾರಣ ಆಮೇಲೆ ಮಕ್ಕಳನ್ನು ಕೇಳಿ ತಿಳಿದುಕೊಂಡೆ, ನನಗೂ ಅದೇ ಆಗಿತ್ತು. ಸಾಲು ಮುಗಿಯುವ ಮುನ್ನ ಅವರು ಉಸಿರು ಎಳೆದುಕೊಂಡದ್ದು, ಸಂಜೆಯ ಹೊತ್ತಿಗೆ ಬಂದಿದ್ದ ಮಾನಿಟರಿನಲ್ಲಿ ಕೇಳಿಸಿತ್ತು. ಸಾಲು ಬದಲಾಗುವಾಗ ಅವರು ಅಷ್ಟು ಉದ್ದದ ಉಸಿರು ತೆಗೆದುಕೊಳ್ಳುವುದಿಲ್ಲ. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತದ್ದರ ಫಲ ಅದು ಅಂತ ನನ್ನ ಅಂದಾಜು. ಮಕ್ಕಳಂತೂ “ಗೊತ್ತಾಯ್ತು ಅಕ್ಕ, ಅಷ್ಟೇ” ಅಂದು ಓಡಿಹೋದರು.

ಸಾಮಾನ್ಯವಾಗಿ ನೃತ್ಯಶಾಲೆ ಹೇಗಿದೆ ಅಂತ ವಿಚಾರಿಸುವವರು ಕನ್ನಡಿ ಇದೆಯಾ, ಜಾಗ ವಿಶಾಲವಾಗಿದೆಯಾ ಅಂತ ಕೇಳುತ್ತಾರೆ. ಟೀಚರ್ ಕೋಲು ಹಿಡಿದು ತಾವೇ ಜತಿ ಹೇಳುತ್ತಾರಾ, ಇಲ್ಲ ಸ್ಪೀಕರ್ ಹಚ್ಚಿ ಪಕ್ಕದಲ್ಲಿ ನಿಲ್ಲುತ್ತಾರಾ ಅಂತ ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಕೇಳಬೇಕಾದದ್ದು ಅದನ್ನೇ. ಕೋಲಿನ ಹಿಂದೆ ಒಬ್ಬರು ಇರುತ್ತಾರೆ, ಮಕ್ಕಳ ಕಾಲು ಸೋತಾಗ ಒಂದು ನೂಲಿನಷ್ಟು ನಿಧಾನ ಮಾಡುತ್ತಾರೆ, ಸೋಮಾರಿತನ ಕಂಡಾಗ ಬಿಗಿ ಮಾಡುತ್ತಾರೆ. ಅದಕ್ಕೆ ಕಿವಿಗೊಟ್ಟು ಬೆಳೆದ ಮಕ್ಕಳು ವೇದಿಕೆಯ ಮೇಲೆ ಹಾಡುಗಾರ್ತಿಯ ಉಸಿರನ್ನೂ ಕೇಳಿಸಿಕೊಳ್ಳುತ್ತಾರೆ.

ಈಗ ವಿಡಿಯೊ ಬಂದಿದೆ. ಮನೆಯವರೆಲ್ಲ ಟಿವಿಗೆ ಹಾಕಿಕೊಂಡು ನೋಡಿದರು. ಅಮ್ಮನಿಗೆ ನಾನು ಎಲ್ಲಿದ್ದೀನಿ ಅಂತ ಹುಡುಕುವುದರಲ್ಲೇ ಜತಿಸ್ವರ ಮುಗಿಯಿತು. “ಚೆನ್ನಾಗಿತ್ತಮ್ಮ, ಆದ್ರೆ ನಿನ್ನ ಮುಂದೆ ಯಾರೋ ನಿಂತಿದ್ರು” ಅಂದಳು. ಧ್ವನಿಯನ್ನು ನೇರವಾಗಿ ಮೈಕಿನ ಮಿಕ್ಸರಿನಿಂದ ತೆಗೆದುಕೊಂಡಿದ್ದಾರೆ. ಹಾಡು, ಕೊಳಲು, ಮೃದಂಗ ಎಲ್ಲ ಹಾಲು ಸೋಸಿದಷ್ಟು ಶುದ್ಧ. ನಮ್ಮ ಪಾದದ ಸದ್ದು ಮಾತ್ರ ಎಲ್ಲೂ ಇಲ್ಲ, ಅಲ್ಲಿ ನೆಲಕ್ಕೆ ಯಾರೂ ಮೈಕ್ ಇಟ್ಟಿರಲಿಲ್ಲವಲ್ಲ. ಗೆಜ್ಜೆ ಇಲ್ಲದೆ ಕುಣಿಯುತ್ತಿರುವ ಒಂದು ಗುಂಪನ್ನು ನೋಡುವಾಗ ಯಾರದೋ ಕಾರ್ಯಕ್ರಮ ಅನ್ನಿಸಿತು.

ಮೊನ್ನೆ ಟೀಚರ್ ಮುಂದಿನ ವರ್ಷದ ಸಭಾಂಗಣದ ಮಾತು ತೆಗೆದರು. ಎಲ್ಲರದೂ ಒಂದೊಂದು ಬೇಡಿಕೆ, ಗ್ರೀನ್ ರೂಮಿನಲ್ಲಿ ಫ್ಯಾನು, ಪಾರ್ಕಿಂಗು, ಫೋಟೊದವರು ಬೇರೆ. ನಾನು ಹಿಂದಿನ ಸಾಲಿಗೆ ಅಂತಲೇ ಎರಡೂ ತುದಿಗೆ ಒಂದೊಂದು ಮಾನಿಟರ್ ಬಾಕ್ಸ್, ನೆಲದ ಹತ್ತಿರ ಒಂದು ಮೈಕ್ ಕೇಳಿದೆ. “ಬಾಕ್ಸ್ ಕೊಡಿಸ್ತೀನಿ. ಮೈಕ್ ಇಟ್ರೆ ಯಾರು ತಾಳ ತಪ್ಪಿದ್ರು ಅಂತ ಊರಿಗೆಲ್ಲ ಕೇಳ್ಸತ್ತೆ, ಪರವಾಗಿಲ್ವಾ?” ಅಂದರು. ಮಕ್ಕಳು ಒಕ್ಕೊರಲಿನಿಂದ ಬೇಡ ಅಂದವು. ಮೈಕಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.